‘ಓಟ ಬಿಡಿ ಅಂತ ಮಾತ್ರ ಹೇಳಬೇಡಿ ಮೇಡಂ’

ಮ್ಯಾರಥಾನ್ ಓಡುವ ಒಬ್ಬ ಮಹಿಳೆ ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದಿದ್ದರು. ಈ ಪ್ರಕರಣ ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ವಯಸ್ಸು, ಕೆಲಸ, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ. ಇಲ್ಲಿ ಅವರನ್ನು ‘ವ’ ಅಂತ ಕರೆಯುತ್ತೇನೆ. ನಲವತ್ತರ ಹತ್ತಿರದ ವಯಸ್ಸು, ಕಚೇರಿಯಲ್ಲಿ ಜವಾಬ್ದಾರಿಯ ಹುದ್ದೆ, ಇಬ್ಬರು ಮಕ್ಕಳು, ಜೊತೆಗೆ ದಿನಾ ಫೋನ್ ಮಾಡುವ ಒಬ್ಬ ಅಕ್ಕ. ಈ ಅಕ್ಕನ ವಿಷಯ ಮುಂದೆ ಬರುತ್ತದೆ.

ಅವರನ್ನು ನನ್ನ ಹತ್ತಿರ ಕಳಿಸಿದ್ದು ಮೂಳೆ ಡಾಕ್ಟರು. ಎಡಗಾಲಿನಲ್ಲಿ ಮಂಡಿಯ ಕೆಳಗಿನ ಮೂಳೆಗೆ ಸ್ಟ್ರೆಸ್ ಫ್ರಾಕ್ಚರ್ ಆಗಿತ್ತು. ಇದು ಬಿದ್ದು ಮುರಿಯುವಂಥದ್ದಲ್ಲ. ಸಣ್ಣ ಸಣ್ಣ ಪೆಟ್ಟು ಒಂದೇ ಕಡೆ ಮತ್ತೆ ಮತ್ತೆ ಬೀಳುತ್ತಾ, ಕೂಡಿಕೊಳ್ಳಲು ಸಮಯವೇ ಸಿಗದೆ, ಮೂಳೆಯಲ್ಲಿ ಬಿಡುವ ಸಣ್ಣ ಬಿರುಕು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐಯಲ್ಲಿ ಗೊತ್ತಾಗುತ್ತದೆ. ಆರರಿಂದ ಎಂಟು ವಾರ ಓಡುವಂತಿಲ್ಲ ಅಂತ ಡಾಕ್ಟರು ಹೇಳಿದ್ದರು. ಎರಡನೇ ವಾರಕ್ಕೇ ‘ವ’ ನಿದ್ದೆ ಕಳೆದುಕೊಂಡಿದ್ದರು, ಮಕ್ಕಳ ಮೇಲೆ ರೇಗುತ್ತಿದ್ದರು, ಒಂದು ದಿನ ಕದ್ದು ಓಡಿಯೂ ಬಂದಿದ್ದರು.

ಕೂತ ತಕ್ಷಣ ಅವರು ಹೇಳಿದ್ದು ಇದು: “ಓಟ ಬಿಡಿ ಅಂತ ಮಾತ್ರ ಹೇಳಬೇಡಿ ಮೇಡಂ. ಬೇರೆ ಏನು ಹೇಳಿದ್ರೂ ಕೇಳ್ತೀನಿ.”

ಪಕ್ಕದಲ್ಲೇ ಕೂತಿದ್ದ ಗಂಡನಿಗೆ ಸರಿಯಾಗಿ ಅದನ್ನೇ ನನ್ನ ಬಾಯಲ್ಲಿ ಹೇಳಿಸಬೇಕಿತ್ತು. ಮನೆಯವರು ಹೀಗೆ ಕರೆದುಕೊಂಡು ಬರುವುದು ಹೊಸದೇನಲ್ಲ. ಕುಡಿತವಾಗಲಿ, ಮೊಬೈಲ್ ಆಗಲಿ, ಓಟವಾಗಲಿ, ‘ನೀವೊಂದು ಮಾತು ಹೇಳಿ, ನಿಲ್ಲಿಸ್ತಾರೆ’ ಅನ್ನುವ ನಂಬಿಕೆ. ಅದು ನನ್ನ ಕೆಲಸ ಅಲ್ಲ. ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ‘ವ’ ಜೊತೆ ಮಾತಿಗೆ ಕೂತೆ.

ಅವರಿಗೇ ಅನುಮಾನ ಇತ್ತು. ‘ಇದು ಎಂಡಾರ್ಫಿನ್ ಚಟನಾ?’ ಅಂತ ಕೇಳಿದರು. ಎಂಡಾರ್ಫಿನ್ ಅಂದರೆ ನೋವು ತಗ್ಗಿಸಲು ದೇಹವೇ ತಯಾರಿಸುವ ಒಂದು ರಾಸಾಯನಿಕ. ಓಡಿದ ಮೇಲೆ ಬರುವ ಖುಷಿಗೆ ಎಂಡಾರ್ಫಿನ್ನೇ ಕಾರಣ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಸುಲಭವಾಗಿ ಮೆದುಳಿನ ಒಳಗೆ ಹೋಗುವುದಿಲ್ಲ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಡಾರ್ಫಿನ್ ಕೆಲಸ ಮಾಡದಂತೆ ತಡೆಯುವ ಔಷಧಿ ಕೊಟ್ಟು ಓಡಿಸಿದರೂ ಜನರಿಗೆ ಆ ಖುಷಿ ಸಿಕ್ಕಿತ್ತು. ದೇಹ ತಾನೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್ ಅನ್ನುವ ರಾಸಾಯನಿಕಗಳ ಮೇಲೆ ಈಗ ಅನುಮಾನ ಜಾಸ್ತಿ. ಇಷ್ಟು ಹೇಳಿ ಆ ವಿಷಯ ಬಿಟ್ಟೆ. ರಾಸಾಯನಿಕ ಯಾವುದೇ ಆಗಿರಲಿ, ಅದು ‘ವ’ ಅವರ ಮುಖ್ಯ ಸಮಸ್ಯೆ ಅಂತ ನನಗೆ ಅನ್ನಿಸಲಿಲ್ಲ. ಓಟ ಚಟವಾಗಿದೆಯಾ ಅಂತ ತಿಳಿಯಲು ನಾವು ನೋಡುವುದು ಬೇರೆ: ಗಾಯವಾದರೂ ಓಡುತ್ತಾರಾ, ಓಡದ ದಿನ ಚಡಪಡಿಸುತ್ತಾರಾ, ಎಷ್ಟು ಓಡಿದ್ದೇನೆ ಅಂತ ಸುಳ್ಳು ಹೇಳುತ್ತಾರಾ, ಮೊದಲು ಸಾಕಾಗುತ್ತಿದ್ದ ದೂರ ಈಗ ಸಾಲುತ್ತಿಲ್ಲವಾ. ನಾಲ್ಕಕ್ಕೂ ‘ಹೌದು’ ಅಂದರು. ಸುಮ್ನೆ ತಳ್ಳಿಹಾಕುವಂತಿರಲಿಲ್ಲ.

ಮುಟ್ಟಿನ ಬಗ್ಗೆ ಕೇಳಿದೆ. ಐದಾರು ತಿಂಗಳಿಂದ ಆಗಿರಲಿಲ್ಲ. “ಜಾಸ್ತಿ ಓಡೋರಿಗೆ ಹಾಗೆ ಆಗುತ್ತೆ ಅಲ್ವಾ, ಫಿಟ್ ಆಗಿದೀನಿ ಅಂತ ಅಂದ್ಕೊಂಡೆ” ಅಂದರು. ಓದುವವರಲ್ಲಿ ಓಡುವ ಹೆಣ್ಣುಮಕ್ಕಳಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಮೂರು ತಿಂಗಳು ಮುಟ್ಟು ನಿಂತರೆ ಅದು ಫಿಟ್‌ನೆಸ್ ಅಲ್ಲ, ಡಾಕ್ಟರ ಹತ್ತಿರ ಹೋಗಬೇಕಾದ ವಿಷಯ. ಓಟಕ್ಕೆ ಖರ್ಚಾಗುವ ಶಕ್ತಿ ಊಟದಿಂದ ಒಳಗೆ ಬರದಿದ್ದರೆ ದೇಹ ಬೇರೆ ಕೆಲಸಗಳಿಗೆ ಕತ್ತರಿ ಹಾಕುತ್ತದೆ. ಮುಟ್ಟು ನಿಲ್ಲುತ್ತದೆ, ಮೂಳೆ ಬಲ ಕಳೆದುಕೊಳ್ಳುತ್ತದೆ, ಮನಸ್ಸು ಕುಗ್ಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ‘ರೆಡ್-ಎಸ್’ (ರಿಲೇಟಿವ್ ಎನರ್ಜಿ ಡಿಫಿಷಿಯೆನ್ಸಿ ಇನ್ ಸ್ಪೋರ್ಟ್, ಅಂದರೆ ಕ್ರೀಡೆಯಲ್ಲಿ ಆಗುವ ಶಕ್ತಿಯ ಕೊರತೆ) ಅಂತ ಹೆಸರು ಕೊಟ್ಟಿತು. ಗಂಡಸರಿಗೂ ಇದು ಆಗುತ್ತದೆ, ಅವರಿಗೆ ಮುಟ್ಟಿನಂಥ ಸೂಚನೆ ಇಲ್ಲದ್ದರಿಂದ ತಡವಾಗಿ ಗೊತ್ತಾಗುತ್ತದೆ, ಅಷ್ಟೇ. ಹಾಗಾಗಿ ನನ್ನ ಮೊದಲ ಸಲಹೆ ಮನಸ್ಸಿನ ಬಗ್ಗೆ ಆಗಿರಲೇ ಇಲ್ಲ. ಸ್ತ್ರೀರೋಗ ತಜ್ಞರನ್ನು ನೋಡಿ, ಊಟದ ಬಗ್ಗೆ ಗೊತ್ತಿರುವ ಡಯಟಿಷಿಯನ್ ಹತ್ತಿರ ಹೋಗಿ, ಆಮೇಲೆ ನಾವು ಮಾತಾಡೋಣ ಅಂದೆ. ಹೊಟ್ಟೆಗೆ ಕಡಿಮೆ ಬಿದ್ದು ಬಂದ ಸಿಡುಕನ್ನು ಮಾತಿನಿಂದ ವಾಸಿ ಮಾಡಲು ಆಗುವುದಿಲ್ಲ.

ನಂತರದ ಸೆಷನ್‌ಗಳಲ್ಲಿ ಓಟದ ಕತೆ ಬಿಚ್ಚಿಕೊಂಡಿತು. ಎರಡನೇ ಮಗುವಾದ ಮೇಲೆ ನಡಿಗೆ ಅಂತ ಶುರುವಾಗಿ, 5 ಕಿಲೋಮೀಟರ್, 10, ಹಾಫ್ ಮ್ಯಾರಥಾನ್, ಕೊನೆಗೆ 42.195 ಕಿಲೋಮೀಟರಿನ ಫುಲ್. ಬದಲಾವಣೆ ನಿಜವಾಗಿಯೂ ಆಗಿತ್ತು, ಅದನ್ನು ಸಣ್ಣದು ಮಾಡುವುದು ಬೇಡ. ಮೊದಲು ಮೀಟಿಂಗಿನಲ್ಲಿ ಬಾಯಿಬಿಡದವರು ಈಗ ಮಾತಾಡುತ್ತಿದ್ದರು. ಬೆನ್ನು ನೆಟ್ಟಗಾಗಿತ್ತು. ‘ನನ್ನ ದೇಹ ನನ್ನದು ಅಂತ ಮೊದಲ ಸಲ ಅನ್ನಿಸಿದ್ದು ಓಡಿದಾಗಲೇ’ ಅಂದರು.

ಆಗ ಕೇಳಿದೆ: ಓಟಕ್ಕೆ ಮುಂಚೆ ನಿಮಗೆ ಅಂತ ಒಂದು ಗಂಟೆ ಇತ್ತಾ?

ಇರಲಿಲ್ಲ. ಅಷ್ಟೇ ಅಲ್ಲ, ಕೇಳಿದ್ದೂ ಇಲ್ಲ. ಯಾರಿಗೂ ‘ಇಲ್ಲ, ಆಗಲ್ಲ’ ಅಂದ ನೆನಪು ಅವರಿಗೆ ಇರಲಿಲ್ಲ. ಅಕ್ಕ ರಾತ್ರಿ ಗಂಟೆಗಟ್ಟಲೆ ಫೋನಿನಲ್ಲಿ ತನ್ನ ಮನೆಯ ಜಗಳ ಹೇಳಿಕೊಂಡರೂ ಇಡಲು ಆಗುತ್ತಿರಲಿಲ್ಲ. ಓಟ ಶುರುವಾದ ಮೇಲೆ ಮೊದಲ ಸಲ ಒಂದು ಕಾರಣ ಸಿಕ್ಕಿತು. “ಅಕ್ಕ, ನಾಳೆ ಲಾಂಗ್ ರನ್ ಇದೆ, ಮಲಗಬೇಕು.” “ಭಾನುವಾರ ಬರೋಕಾಗಲ್ಲ, ರೇಸ್ ಇದೆ.” ಇದಕ್ಕೆ ಯಾರೂ ಎದುರು ಹೇಳುತ್ತಿರಲಿಲ್ಲ, ಬದಲಿಗೆ ಮೆಚ್ಚುತ್ತಿದ್ದರು. ‘ನನಗೆ ಸುಸ್ತಾಗಿದೆ’ ಅಂದರೆ ಸಿಗದ ರಜೆ ‘ನನಗೆ ಮ್ಯಾರಥಾನ್ ಇದೆ’ ಅಂದರೆ ಸಿಗುತ್ತಿತ್ತು.

ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಇಲ್ಲೇ ಇತ್ತು. ಹಾಫ್ ಸಾಕಾಗದೆ ಫುಲ್ ಬೇಕಾಗಿದ್ದು ಮಹತ್ವಾಕಾಂಕ್ಷೆಯಿಂದ ಮಾತ್ರ ಅಲ್ಲ. ಮನೆಯ, ಕಚೇರಿಯ, ಅಕ್ಕನ ಬೇಡಿಕೆ ಬೆಳೆದ ಹಾಗೆ ನೆಪವೂ ದೊಡ್ಡದಾಗಬೇಕಿತ್ತು. ವಾರಕ್ಕೆ 30 ಕಿಲೋಮೀಟರ್ ಓಡುವವಳನ್ನು ಅರ್ಧದಲ್ಲಿ ಕರೆಯಬಹುದು, 60 ಓಡುವವಳನ್ನು ಕರೆಯಲು ಜನ ಹಿಂದೆಮುಂದೆ ನೋಡುತ್ತಾರೆ. ಈಗ ಕಾಲು ಮುರಿದು ಆ ನೆಪವೇ ಹೋಯಿತು. ಗಂಡನ ಲೆಕ್ಕದಲ್ಲಿ ಬೆಳಗಿನ ಎರಡು ಗಂಟೆ ವಾಪಸ್ ಮನೆಗೆ ಬಂದ ಹಾಗಾಯಿತು, ಅಕ್ಕನಿಗೆ ಇಡೀ ರಾತ್ರಿ ಸಿಕ್ಕಿತು. ಚಡಪಡಿಸದೆ ಇನ್ನೇನು ಮಾಡುತ್ತಾರೆ ಹೇಳಿ.

ಹಾಗಾಗಿ ಎರಡನೇ ಸಲಹೆ: ಓಟ ನಿಂತರೂ ಆ ಗಂಟೆ ಬಿಡಬೇಡಿ. ಓಡುತ್ತಿದ್ದ ಹೊತ್ತಿಗೇ ಎದ್ದು, ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಏನು ಮಾಡುತ್ತೀರಿ ಅಂತ ಯಾರಿಗೂ ವಿವರಿಸಬೇಕಾಗಿಲ್ಲ.

“ಯೋಗ ಮಾಡ್ತೀನಿ” ಅಂದರು ಥಟ್ಟನೆ. ಯೋಗವನ್ನು ಅವರು ಮೊದಲೇ ಮಾಡುತ್ತಿದ್ದರು, ಆದರೆ ಹೇಗೆ ಅಂತ ಕೇಳಿದಾಗ ನಗು ಬಂತು, ಅವರಿಗೂ. 108 ಸೂರ್ಯನಮಸ್ಕಾರಕ್ಕೆ ಎಷ್ಟು ನಿಮಿಷ ಅಂತ ವಾಚಿನಲ್ಲಿ ನೋಡಿಕೊಳ್ಳುತ್ತಿದ್ದರು. ಚಕ್ರಾಸನದಲ್ಲಿ ಎಷ್ಟು ಹೊತ್ತು ನಿಂತೆ ಅಂತ ಬರೆದಿಡುತ್ತಿದ್ದರು. ಶವಾಸನ ‘ಟೈಮ್ ವೇಸ್ಟ್’ ಅಂತ ಬಿಟ್ಟುಬಿಡುತ್ತಿದ್ದರು. ಓಟವನ್ನೇ ಚಾಪೆಯ ಮೇಲೆ ತಂದಿಟ್ಟುಕೊಂಡಿದ್ದರು, ಅಷ್ಟೇ. ಪತಂಜಲಿ ಆಸನದ ಬಗ್ಗೆ ಹೇಳಿದ್ದೇ ಕಡಿಮೆ, ಅದರಲ್ಲಿ ಮೊದಲನೆಯದು ‘ಸ್ಥಿರಸುಖಮಾಸನಮ್’, ಅದರ ಮುಂದಿನ ಸೂತ್ರದಲ್ಲೇ ಪ್ರಯತ್ನವನ್ನು ಸಡಿಲಿಸುವ ಮಾತು. ಇಲ್ಲಿ ಸ್ಥಿರ ಇತ್ತು, ಸುಖಕ್ಕೆ ಜಾಗವೇ ಇರಲಿಲ್ಲ.

ಯೋಗದ ಟೀಚರ್ ಜೊತೆ ಮಾತಾಡಿ ಕಾಲಿನ ಮೇಲೆ ಭಾರ ಬೀಳದ ಆಸನಗಳನ್ನು ಮಾತ್ರ ಇಟ್ಟುಕೊಂಡರು. ವಾಚು ಡ್ರಾಯರಿಗೆ ಹೋಯಿತು. ಉಸಿರಾಟಕ್ಕೆ ನಾನು ಹೇಳಿದ್ದು ಸುಲಭದ್ದು: ನಿಮಿಷಕ್ಕೆ ಸುಮಾರು ಆರು ಉಸಿರು, ಬಿಡುವ ಉಸಿರು ತೆಗೆದುಕೊಳ್ಳುವುದಕ್ಕಿಂತ ಸ್ವಲ್ಪ ಉದ್ದ. ಹೀಗೆ ನಿಧಾನವಾದಾಗ ಹೃದಯದ ಬಡಿತ ಉಸಿರಿನ ಜೊತೆ ಏರಿಳಿಯುತ್ತದೆ, ದೇಹ ಎಚ್ಚರಿಕೆಯ ಸ್ಥಿತಿಯಿಂದ ಕೆಳಗೆ ಬರುತ್ತದೆ. ತಲೆ ಸುತ್ತಿದರೆ ಬಿಟ್ಟು ಮಾಮೂಲಿ ಉಸಿರಾಡಿ ಅಂತಲೂ ಹೇಳಿದ್ದೆ.

ಕಷ್ಟವಾಗಿದ್ದು ಶವಾಸನ. ಮಲಗಿದ ಎರಡೇ ನಿಮಿಷಕ್ಕೆ ಎದೆ ಬಿಗಿಯುತ್ತಿತ್ತು, ಅಳು ಬರುತ್ತಿತ್ತು, ಅದಕ್ಕಿಂತ ಜಾಸ್ತಿ ಸಿಟ್ಟು. ‘ಯೋಗ ಮಾಡಿದ್ರೆ ಶಾಂತಿ ಸಿಗಬೇಕಲ್ವಾ ಮೇಡಂ?’ ಸಿಗಬೇಕು ಅಂತ ಏನೂ ಇಲ್ಲ. ವರ್ಷಗಟ್ಟಲೆ ನುಂಗಿದ್ದು ಸುಮ್ಮನೆ ಮಲಗಿದಾಗಲೇ ಮೇಲೆ ಬರುವುದು. ಕೆಲವರಿಗೆ ಕಣ್ಣು ಮುಚ್ಚಿ ಅಲುಗಾಡದೆ ಮಲಗುವುದರಿಂದ ಗಾಬರಿ ಜಾಸ್ತಿಯಾಗುತ್ತದೆ, ಅಂಥವರನ್ನು ‘ಇನ್ನೂ ಹತ್ತು ನಿಮಿಷ ಮಲಗಿ’ ಅಂತ ಒತ್ತಾಯಿಸುವುದು ತಪ್ಪು. ಕಣ್ಣು ತೆರೆದಿರಲಿ, ಮಗ್ಗುಲಾಗಿ ಮಲಗಿ, ಮೂರು ನಿಮಿಷ ಸಾಕು ಅಂದೆ. ಸಿಟ್ಟು ಯಾರ ಮೇಲೆ ಅಂತ ಆಗಲೇ ಹುಡುಕಬೇಡಿ, ದೇಹದಲ್ಲಿ ಎಲ್ಲಿದೆ ಅಂತ ನೋಡಿ, ಇಲ್ಲಿಗೆ ಬಂದಾಗ ಮಾತಾಡೋಣ.

ಮಾತಾಡಿದೆವು. ಹೆಚ್ಚಿನದು ಅಕ್ಕನ ಬಗ್ಗೆ. ಕಾರಣ ಕೊಡದೆ ‘ಇವತ್ತು ಆಗಲ್ಲ ಅಕ್ಕ’ ಅಂತ ಹೇಳಿ ಫೋನ್ ಇಡುವುದನ್ನು ಮನೆಪಾಠವಾಗಿ ಕೊಟ್ಟೆ. ‘ತಲೆನೋವು’ ಅನ್ನಬಾರದು, ‘ಮಗುವಿಗೆ ಪರೀಕ್ಷೆ’ ಅನ್ನಬಾರದು. ಎರಡು ವಾರ ಅವರಿಂದ ಆಗಲಿಲ್ಲ. ಹೇಳಬೇಕು ಅಂದುಕೊಂಡ ತಕ್ಷಣ ಕೈ ತಣ್ಣಗಾಗುತ್ತಿತ್ತು, ಹೇಳಿದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾರೆ, ಆ ಬೇಜಾರನ್ನು ಹೊತ್ತುಕೊಂಡು ರಾತ್ರಿ ಕಳೆಯಲು ಆಗುವುದಿಲ್ಲ ಅನ್ನುವ ಭಯ.

ಮ್ಯಾರಥಾನಿನಲ್ಲಿ 30 ಕಿಲೋಮೀಟರ್ ದಾಟಿದ ಮೇಲೆ ಏನು ಮಾಡ್ತೀರಿ ಅಂತ ಕೇಳಿದೆ. ಓಡುವವರಿಗೆ ಗೊತ್ತು, ಆ ಹೊತ್ತಿಗೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಮುಗಿಯುತ್ತಾ ಬಂದಿರುತ್ತದೆ, ಕಾಲು ಸೀಸದಂತಾಗುತ್ತದೆ, ತಲೆ ‘ನಿಲ್ಲು’ ಅನ್ನುತ್ತದೆ. “ಪೂರ್ತಿ ದೂರ ನೋಡಲ್ಲ. ಮುಂದಿನ ಕಂಬದವರೆಗೆ ಅಂತ ಅಂದ್ಕೊಳ್ತೀನಿ. ಪೇಸ್ ಇಳಿಸ್ತೀನಿ. ನೋವಿನ ಜೊತೆ ಜಗಳ ಆಡಲ್ಲ” ಅಂದರು. ಹಾಗಾದರೆ ಫೋನ್ ಇಟ್ಟ ಮೇಲಿನ ಹತ್ತು ನಿಮಿಷವೂ ಅಂಥದ್ದೇ. ಅಕ್ಕನಿಗೆ ಮತ್ತೆ ಫೋನ್ ಮಾಡಿ ಸಮಾಧಾನ ಮಾಡಲು ಓಡಬೇಡಿ, ಮೆಸೇಜ್ ಬೇಡ, ಮುಂದಿನ ಕಂಬದವರೆಗೆ ಅಷ್ಟೇ. ಇಷ್ಟು ವರ್ಷ ರಸ್ತೆಯ ಮೇಲೆ ಕಲಿತದ್ದನ್ನು ಅವರು ಮನೆಯೊಳಗೆ ಒಮ್ಮೆಯೂ ಬಳಸಿರಲಿಲ್ಲ. ಇದು ತಾನಾಗಿ ಆಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಮ್ಯಾರಥಾನ್ ಓಡಿದವರಿಗೆ ಬದುಕಿನ ಕಷ್ಟ ಸಲೀಸು ಅನ್ನುವ ಮಾತು ಸಿಕ್ಕಾಪಟ್ಟೆ ಓಡಾಡುತ್ತದೆ. ನಾನು ನೋಡಿದಂತೆ ಹಾಗಿಲ್ಲ. ಮಂಡಿ ನೋವನ್ನು ಸಹಿಸುವವರು ಒಂದು ಸಣ್ಣ ಮುನಿಸನ್ನು ಸಹಿಸಲಾರದೆ ಕೂತಿರುತ್ತಾರೆ.

ಮೂರನೇ ವಾರ ಹೇಳಿದರು. ಅಕ್ಕ ನಾಲ್ಕು ದಿನ ಮಾತಾಡಲಿಲ್ಲ. ಆಮೇಲೆ ಮಾತಾಡಿದರು.

ಗಂಡನ ಜೊತೆ ಒಂದು ಸೆಷನ್ ಬೇಕೇ ಬೇಕಿತ್ತು. “ಅವಳಿಗೆ ಮನೆಗಿಂತ ಓಟಾನೇ ಜಾಸ್ತಿ” ಅಂತ ಶುರು ಮಾಡಿದರು. ಆ ದೂರಿನಲ್ಲಿ ನಿಜವೂ ಇತ್ತು, ಮಕ್ಕಳನ್ನು ಎಬ್ಬಿಸಿ ತಯಾರು ಮಾಡುವ ಕೆಲಸ ಓಟದ ದಿನ ಅವರ ತಲೆಗೇ ಬರುತ್ತಿತ್ತು, ಅದನ್ನು ಯಾರೂ ಕೂತು ಮಾತಾಡಿ ನಿರ್ಧರಿಸಿರಲಿಲ್ಲ. ಓಟ ನಿಂತರೆ ಆ ಕೆಲಸ ಯಾರದ್ದು ಅಂತ ಕೇಳಿದಾಗ ಉತ್ತರ ಬರಲು ತಡವಾಯಿತು. ಕೊನೆಗೆ ವಾರದಲ್ಲಿ ಯಾವ ಬೆಳಿಗ್ಗೆ ಯಾರದು ಅಂತ ಇಬ್ಬರೂ ಬರೆದುಕೊಂಡರು. ‘ವ’ ಓಡಲಿ ಬಿಡಲಿ, ಗಂಡನ ಪಾಲಿನ ಬೆಳಿಗ್ಗೆ ಗಂಡನದೇ. ಈ ಷರತ್ತಿಗೆ ಅವರು ಒಪ್ಪಲು ಸ್ವಲ್ಪ ಎಳೆದಾಡಿದರು.

ಮೂಳೆ ಕೂಡಿತು, ಡಾಕ್ಟರು ಒಪ್ಪಿದರು. ಮತ್ತೆ ಓಡಲು ಶುರು ಮಾಡಿದ್ದು ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ ಅನ್ನುವ ಲೆಕ್ಕದಲ್ಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು, ಇಲ್ಲದಿದ್ದರೆ ಪೇಸ್ ಜಾಸ್ತಿ ಅಂತ ಅರ್ಥ. ಹಳೆಯ ಜಾಗದಲ್ಲಿ ಬೆರಳಿಟ್ಟರೆ ನೋವಾದರೆ ಆ ದಿನ ಓಟ ಇಲ್ಲ. ಇದೆಲ್ಲ ಅವರ ಕೋಚ್ ಮತ್ತು ಡಾಕ್ಟರು ಹೇಳಿದ್ದು. ನಾನು ಸೇರಿಸಿದ್ದು ಒಂದೇ: ಆರು ತಿಂಗಳು ಯಾವ ರೇಸಿಗೂ ಹೆಸರು ಕೊಡಬೇಡಿ. ರೇಸ್ ಇಲ್ಲದೆಯೂ ನಿಮ್ಮ ಹೊತ್ತನ್ನು ಕಾಪಾಡಿಕೊಳ್ಳಲು ಆಗುತ್ತದಾ ನೋಡೋಣ. ಮುಟ್ಟು ಮರಳಿ ಬರಲು ಮೂಳೆಗಿಂತ ಜಾಸ್ತಿ ಸಮಯ ಹಿಡಿಯಿತು, ಊಟದ ಭಯ ಇನ್ನೂ ಪೂರ್ತಿ ಹೋಗಿಲ್ಲ, ಡಯಟಿಷಿಯನ್ ಹತ್ತಿರ ಹೋಗುವುದು ಮುಂದುವರಿದಿದೆ.

ಈಗ ಅಪರೂಪಕ್ಕೆ ಬರುತ್ತಾರೆ. ಹಿಂದಿನ ಭೇಟಿಯಲ್ಲಿ ಒಂದು ವಿಷಯ ಹೇಳಿದರು. ಒಂದು ಬೆಳಿಗ್ಗೆ ಎದ್ದರೂ ಓಡಲು ಹೋಗಲಿಲ್ಲ. ಗಂಡ, “ಕಾಲು ನೋವಾ?” ಅಂತ ಕೇಳಿದರಂತೆ. “ಇಲ್ಲ, ಇವತ್ತು ಮನಸ್ಸಿಲ್ಲ.” “ಹಾಗಾದ್ರೆ ಮಕ್ಕಳನ್ನ ನೀನೇ ನೋಡ್ಕೋತೀಯಾ?” “ಇಲ್ಲ. ಇವತ್ತು ನಿಮ್ಮ ದಿನ.” ಅಂದು ಮತ್ತೆ ಮಲಗಿದರಂತೆ. ಫುಲ್ ಮ್ಯಾರಥಾನ್ ಮತ್ತೆ ಓಡುತ್ತೀರಾ ಅಂತ ಕೇಳಿದ್ದಕ್ಕೆ, ಇನ್ನೂ ಗೊತ್ತಿಲ್ಲ, ಕೋಚ್ ಮಾತ್ರ ದಿನಾ ಕೇಳುತ್ತಾರೆ ಅಂದರು. ಅವರಿಗೆ ‘ಸದ್ಯಕ್ಕೆ ಬೇಡ’ ಅನ್ನುವುದು ಅಕ್ಕನಿಗೆ ಹೇಳುವುದಕ್ಕಿಂತ ಕಷ್ಟವಂತೆ. ಮುಂದಿನ ಸೆಷನ್ನಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.