ಪ್ರತಿಕ್ರಿಯೆ: ನಿಶ್ ನಗರದ ಕ್ಲಬ್ಬಿಗೆ ಸ್ಟೊಯ್ಕೊವಿಚ್‌ನ ಆಚೆಗೂ ಚರಿತ್ರೆಯಿದೆಯೇ?

ಯುಗೊಸ್ಲಾವಿಯಾದ ಹೆಸರಾಂತ ಫುಟ್‌ಬಾಲ್ ಆಟಗಾರ ಡ್ರಾಗನ್ ಸ್ಟೊಯ್ಕೊವಿಚ್ ಆಟ ಆರಂಭಿಸಿದ ಕ್ಲಬ್ ಎಂಬುದನ್ನು ಬಿಟ್ಟರೆ ರಾಡ್ನಿಚ್ಕಿ ನಿಶ್‌ಗೆ ಬೇರೆ ಹೆಗ್ಗಳಿಕೆ ಇದೆಯೇ ಎಂದು ತಾವು ಕೇಳಿದ್ದೀರಿ. ಖಂಡಿತವಾಗಿಯೂ ಇದೆ. ದಕ್ಷಿಣ ಸರ್ಬಿಯಾದ ನಿಶ್ ನಗರದಲ್ಲಿ 1923ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಹೆಸರಿನಲ್ಲೇ ‘ಕಾರ್ಮಿಕರದ್ದು’ ಎಂಬ ಅರ್ಥವಿದೆ. ಯುಗೊಸ್ಲಾವಿಯಾದ ಲೀಗ್ ಪಟ್ಟವನ್ನು ಅದು ಒಮ್ಮೆಯೂ ಗೆಲ್ಲಲಿಲ್ಲ; ಆದರೆ ಯುರೋಪಿನ ಕ್ಲಬ್‌ಗಳ ಪಂದ್ಯಾವಳಿಯಾದ ಯುಇಎಫ್‌ಎ ಕಪ್‌ನ 1981-82ರ ಆವೃತ್ತಿಯಲ್ಲಿ ಸೆಮಿಫೈನಲ್‌ವರೆಗೆ ಏರಿತು.

ಆ ಓಟ ಇಂದಿಗೂ ಬೆರಗು ಹುಟ್ಟಿಸುವಂಥದ್ದು. ಇಟಲಿಯ ನಾಪೊಲಿ ತಂಡದ ನೆಲದಲ್ಲಿ 2-2ರ ಸಮಬಲ ಸಾಧಿಸಿ, ತವರಿನಲ್ಲಿ 0-0ಕ್ಕೆ ಹಿಡಿದು ನಿಲ್ಲಿಸಿದ ತಂಡ, ಒಟ್ಟು ಗೋಲುಗಳು ಸಮವಾದರೆ ಹೊರನೆಲದಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಗೆಲುವು ಎಂಬ ಆಗಿನ ನಿಯಮದ ಬಲದಿಂದಲೇ ಮುಂದಿನ ಸುತ್ತಿಗೆ ಹೋಯಿತು. ಕ್ವಾರ್ಟರ್‌ಫೈನಲ್‌ನ ಮೊದಲ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಡಂಡಿ ಯುನೈಟೆಡ್ ಎದುರು 0-2ರಿಂದ ಸೋತು ಬಂದರೂ, ತವರಿನ ಚಾಯಿರ್ ಕ್ರೀಡಾಂಗಣದಲ್ಲಿ 3-0ರಿಂದ ಲೆಕ್ಕ ಚುಕ್ತಾ ಮಾಡಿತು. ಸೆಮಿಫೈನಲ್‌ನಲ್ಲಿ ಹ್ಯಾಂಬರ್ಗ್ ತಂಡವನ್ನು ನಿಶ್‌ನಲ್ಲಿ 2-1ರಿಂದ ಮಣಿಸಿತಾದರೂ, ಜರ್ಮನಿಯಲ್ಲಿ 1-5ರ ಸೋಲು ಕಾದಿತ್ತು. ಅದೇ ಹ್ಯಾಂಬರ್ಗ್ ಮರುವರ್ಷ ಯುರೋಪಿನ ಅತ್ಯುನ್ನತ ಕ್ಲಬ್ ಪ್ರಶಸ್ತಿಯಾದ ಯುರೋಪಿಯನ್ ಕಪ್ಪನ್ನೇ ಗೆದ್ದಿತೆಂಬುದನ್ನು ನೆನೆದರೆ, ಆ ಗೆಲುವಿನ ತೂಕ ತಿಳಿಯುತ್ತದೆ.

ಸ್ಟೊಯ್ಕೊವಿಚ್ ಆಗಿನ್ನೂ ಹದಿಹರೆಯದ ಹುಡುಗ. 1986ರಲ್ಲಿ ಅವರು ಬೆಲ್‌ಗ್ರೇಡಿನ ರೆಡ್ ಸ್ಟಾರ್ ಸೇರಿದರು. ಆದ್ದರಿಂದ ಆ ಸಾಧನೆಯನ್ನು ಅವರ ಖಾತೆಗೆ ಜಮಾ ಮಾಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.