ಹುಬ್ಬಳ್ಳಿಯಂಥ ಊರಲ್ಲಿ ರೌಡಿಗಳಿಗೆ ರಾಜಕೀಯದ ಬೆಂಬಲ ಯಾಕೆ ಸಿಗುತ್ತದೆ?

ಇದರ ಬೇರು ಎಷ್ಟೋ ಸಲ ಸಾಲದಲ್ಲಿ ಇರುತ್ತದೆ. ಸಂತೆಯಲ್ಲಿ ಕಾಯಿಪಲ್ಯ ಮಾರುವವರಿಗೆ ನಸುಕಿನಲ್ಲೇ ರೊಕ್ಕ ಬೇಕು. ಬ್ಯಾಂಕು ಕಾಗದಪತ್ರ ಕೇಳುತ್ತದೆ. ಮೀಟರ್ ಬಡ್ಡಿಯವನು ಏನೂ ಕೇಳದೆ ಕೊಡುತ್ತಾನೆ, ವಸೂಲಿಗೆ ಹುಡುಗರನ್ನು ಇಟ್ಟುಕೊಳ್ಳುತ್ತಾನೆ. ಚುನಾವಣೆ ಬಂದಾಗ ಜನ ಸೇರಿಸಲು, ಎದುರಾಳಿಯನ್ನು ಹೆದರಿಸಲು ರಾಜಕಾರಣಿಗಳಿಗೆ ಅದೇ ಹುಡುಗರು ಬೇಕಾಗುತ್ತಾರೆ. ಮುಂದೆ ಅವರು ಸಿಕ್ಕಿಬಿದ್ದರೆ ಠಾಣೆಗೆ ಒಂದು ಫೋನ್ ಹೋಗುತ್ತದೆ.

ರೌಡಿ ಶೀಟ್, ಗಡಿಪಾರು ಎಲ್ಲ ಇವೆ. 1985ರ ಗೂಂಡಾ ಕಾಯ್ದೆಯಲ್ಲಿ ವಿಚಾರಣೆ ಇಲ್ಲದೆ 12 ತಿಂಗಳವರೆಗೆ ಬಂಧನದಲ್ಲಿ ಇಡಬಹುದು. ಆದರೆ ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ. ಸಾಲದ ಅಗತ್ಯ ಅಲ್ಲೇ ಇರುತ್ತದೆ, ಅಲ್ವಾ? ಹಾಗಾಗಿ ಬೀದಿ ವ್ಯಾಪಾರಿಗೆ ಅಡಮಾನ ಇಲ್ಲದೆ ಸಿಗುವ ಪಿಎಂ ಸ್ವನಿಧಿ ಸಾಲವೂ (2020ರಲ್ಲಿ ಶುರುವಾಯಿತು) ಪೊಲೀಸ್ ಕ್ರಮದಷ್ಟೇ ಮುಖ್ಯ ಅಂತ ನನಗೆ ಅನ್ನಿಸುತ್ತದೆ.