ನಿಮ್ಮ ‘ಜೀವಕೋಶ’ ಲೇಖನ ಯಾಕೆ ವಾಪಸ್ ಬಂತು

ಅರಕಲಗೂಡಿನ ಲೇಖಕಿಯವರಿಗೆ ನಮಸ್ಕಾರ.

ಸಸ್ಯಕೋಶ ಮತ್ತು ಬ್ಯಾಕ್ಟೀರಿಯಾ ಕೋಶಗಳ ರಚನೆ ಕುರಿತ ನಿಮ್ಮ ಲೇಖನ ಹಾಸನದ ನಮ್ಮ ಕಚೇರಿಗೆ ತಲುಪಿತು. ಈಗಿರುವ ರೂಪದಲ್ಲಿ ವಿಜ್ಞಾನ ಪುಟಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ‘ಸ್ಥಳಾಭಾವ’ ಅಂತ ಒಂದು ಸಾಲು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕೊನೆಯ ಪ್ಯಾರಾದಲ್ಲಿ ನಿಮ್ಮ ತಂದೆಯವರ ಹೊಲದ ಆಲೂಗಡ್ಡೆ ಗಿಡ ಎಲೆ ಹಸಿರಾಗಿರುವಾಗಲೇ ಸೊರಗಿ ಬಿದ್ದ ಸಂಗತಿ ಎರಡೇ ವಾಕ್ಯದಲ್ಲಿ ಬಂದುಹೋಗಿದೆ. ನಿಜವಾದ ಲೇಖನ ಇರುವುದು ಅಲ್ಲಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೋಶಭಿತ್ತಿ ರಕ್ಷಣೆ ಕೊಡುತ್ತದೆ, ಮೈಟೋಕಾಂಡ್ರಿಯ ಶಕ್ತಿ ಕೊಡುತ್ತದೆ, ರಸದಾನಿ (ಕೋಶದೊಳಗಿನ ದ್ರವದ ಚೀಲ) ಸಂಗ್ರಹಿಸುತ್ತದೆ ಎಂದು ಸಾಲಾಗಿ ಬರೆದಿದ್ದೀರಿ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಪತ್ರಿಕೆ ತಿರುವುವವರು ಮೂರನೇ ಸಾಲಿಗೇ ಪುಟ ಮಗುಚುತ್ತಾರೆ. ಅದು ಗೊತ್ತಿದ್ದೇ ಇರಬೇಕು, ಕೋಶವನ್ನು ಒಂದು ಊರು ಮಾಡಿದ್ದೀರಿ: ಕೋಶಕೇಂದ್ರ ಜಿಲ್ಲಾಧಿಕಾರಿ, ಮೈಟೋಕಾಂಡ್ರಿಯ ಕೆಇಬಿ, ಕೋಶಭಿತ್ತಿ ಕೋಟೆ. ದಯವಿಟ್ಟು ತೆಗೆಯಿರಿ. ಬ್ಯಾಕ್ಟೀರಿಯಾದಲ್ಲಿ ಕೋಶಕೇಂದ್ರವೇ ಇಲ್ಲ, ಡಿಎನ್‌ಎ ಪೊರೆಯಿಲ್ಲದೆ ಒಳಗಿನ ದ್ರವದಲ್ಲೇ ಸುರುಳಿಯಾಗಿರುತ್ತದೆ. ಜಿಲ್ಲಾಧಿಕಾರಿ ಇಲ್ಲದೆಯೂ ಆಡಳಿತ ಸಲೀಸಾಗಿ ನಡೆಯುತ್ತಿದೆ! ಕೋಟೆಯ ಮಾತೂ ಅಷ್ಟೇ. ನೀರು, ಕರಗಿದ ಲವಣ ಕೋಶಭಿತ್ತಿಯೊಳಗೆ ಆರಾಮಾಗಿ ನುಸುಳುತ್ತವೆ. ಯಾವುದು ಒಳಗೆ ಬರಬೇಕು, ಯಾವುದು ಬೇಡ ಎಂದು ಆರಿಸುವುದು ಅದರ ಹಿಂದಿರುವ ತೆಳು ಕೋಶಪೊರೆ.

ಎರಡು ತಪ್ಪುಗಳನ್ನು ಹಾಗೇ ಬಿಡುವಂತಿಲ್ಲ. ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಪ್ಲಾಸ್ಟ್ ಇರುವುದರಿಂದ ಸಸ್ಯಕ್ಕೆ ಮೈಟೋಕಾಂಡ್ರಿಯ ಬೇಡ ಎಂದಿದ್ದೀರಿ. ಬೇಕು. ಕ್ಲೋರೋಪ್ಲಾಸ್ಟ್ ಸಕ್ಕರೆ ಮಾಡುತ್ತದೆ, ಅದನ್ನು ಒಡೆದು ಶಕ್ತಿ ತೆಗೆಯಲು ಮೈಟೋಕಾಂಡ್ರಿಯವೇ ಆಗಬೇಕು. ಮಣ್ಣಿನ ಕತ್ತಲಲ್ಲಿರುವ ಬೇರಿಗೆ ಬೇರೆ ದಾರಿಯೇ ಇಲ್ಲ. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಇಲ್ಲ ಎಂಬುದೂ ಸುಳ್ಳು. ಇದೆ, ಸ್ವಲ್ಪ ಚಿಕ್ಕದು: 70ಎಸ್ (ಎಸ್ ಎಂದರೆ ಕಣ ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂಬುದರ ಅಳತೆ). ಸಸ್ಯದ ಕೋಶದ್ರವದಲ್ಲಿರುವುದು 80ಎಸ್. ಆದರೆ ಅದೇ ಸಸ್ಯದ ಕ್ಲೋರೋಪ್ಲಾಸ್ಟ್ ಒಳಗೆ ಇಣುಕಿದರೆ ಮತ್ತೆ 70ಎಸ್! ಕ್ಲೋರೋಪ್ಲಾಸ್ಟ್ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು ಎಂದು ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಮಂಡಿಸಿದ ವಾದಕ್ಕೆ ಇದೊಂದು ಬಲವಾದ ಸಾಕ್ಷಿ. ಇಷ್ಟು ಒಳ್ಳೆಯ ಸಂಗತಿ ಕೈಯಳತೆಯಲ್ಲಿದ್ದಾಗ ‘ಪ್ರಕೃತಿಯ ವಿಸ್ಮಯ’ ಅಂತ ನಾಲ್ಕು ಸಲ ಬರೆಯುವ ಅಗತ್ಯ ಏನಿತ್ತು?

ಇನ್ನು ನಿಮ್ಮ ಹೊಲಕ್ಕೆ ಬನ್ನಿ. ನೀವು ವಿವರಿಸಿದ್ದು ದುಂಡಾಣು ಸೊರಗು ರೋಗದ ಹಾಗೆ ಕಾಣುತ್ತದೆ; ತರುವುದು ರಾಲ್‌ಸ್ಟೋನಿಯಾ ಸೊಲನೇಸಿಯಾರಮ್ ಎಂಬ ಬ್ಯಾಕ್ಟೀರಿಯಾ. ಇದು ಮಣ್ಣಿನಿಂದಲೂ ಬರುತ್ತದೆ, ಬಿತ್ತನೆ ಗಡ್ಡೆಯ ಜೊತೆಗೂ ಬರುತ್ತದೆ. ಬಾಲದಂಥ ಕಶಾಂಗ ಬೀಸುತ್ತಾ ಈಜಿ, ಬೇರಿನ ಗಾಯದಲ್ಲಿ ನುಗ್ಗಿ, ನೀರು ಸಾಗುವ ಕ್ಸೈಲಮ್ ನಾಳ ಸೇರುತ್ತದೆ. ಆ ನಾಳದ ಕೋಶಗಳು ಸತ್ತಿರುತ್ತವೆ, ಉಳಿದಿರುವುದು ಬರೀ ಭಿತ್ತಿ. 1665ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಬೆಂಡಿನ (ಕಾರ್ಕ್) ಚೂರಿನಲ್ಲಿ ಕಂಡದ್ದೂ ಇಂಥ ಖಾಲಿ ಗೋಡೆಗಳನ್ನೇ. ಅಲ್ಲಿ ಬ್ಯಾಕ್ಟೀರಿಯಾ ಸಂತಾನ ಬೆಳೆಸಿ, ತನ್ನ ಸುತ್ತ ಸಕ್ಕರೆಯಂಶದ ಲೋಳೆ ಸುರಿಸಿ, ನಾಳವನ್ನೇ ಕಟ್ಟಿಹಾಕುತ್ತದೆ. ನೀರು ಮೇಲೇರದು.

ಆಗ ಎಲೆಯೊಳಗೆ ಏನಾಗುತ್ತದೆ ಎಂಬುದನ್ನು ನಿಧಾನಕ್ಕೆ ಬರೆಯಿರಿ. ಬಲಿತ ಸಸ್ಯಕೋಶದ ಬಹುಪಾಲು ಜಾಗ ರಸದಾನಿಯದೇ. ನೀರು ತುಂಬಿದ ರಸದಾನಿ ಒಳಗಿನಿಂದ ಒತ್ತುತ್ತದೆ, ಸೆಲ್ಯುಲೋಸಿನ ಭಿತ್ತಿ ಕೋಶ ಒಡೆಯದಂತೆ ತಡೆಯುತ್ತದೆ. ಕಾರಿನ ಟೈರಿನ ಗಾಳಿಗಿಂತ ಹೆಚ್ಚಿನ ಒತ್ತಡ ಅದು. ಎಲೆ ನೆಟ್ಟಗೆ ನಿಲ್ಲುವುದೇ ಈ ತಳ್ಳಾಟದಿಂದ. ನೀರು ನಿಂತರೆ ರಸದಾನಿ ಕುಗ್ಗಿ ಎಲೆ ಜೋಲುತ್ತದೆ. ಕ್ಲೋರೋಪ್ಲಾಸ್ಟ್ ಇನ್ನೂ ಹಾಳಾಗಿರುವುದಿಲ್ಲ, ಅದಕ್ಕೇ ಹಸಿರು ಹಾಗೇ ಇರುತ್ತದೆ. ನಿಮ್ಮ ತಂದೆಯವರಿಗೆ ಆಶ್ಚರ್ಯ ಹುಟ್ಟಿಸಿದ್ದು ಇದೇ ಅಲ್ಲವೇ? ಹೀಗೆ ಹೇಳಿದರೆ ರಸದಾನಿ, ಭಿತ್ತಿ, ಕ್ಲೋರೋಪ್ಲಾಸ್ಟ್, ಕಶಾಂಗ ಎಲ್ಲವೂ ಕೆಲಸ ಮಾಡುತ್ತಾ ಬಂದವು, ಪಟ್ಟಿ ಬೇಕಾಗಲಿಲ್ಲ. ಪ್ಲಾಸ್ಮಿಡ್ ಅಂದರೆ ‘ಪುಟ್ಟ ಡಿಎನ್‌ಎ ಉಂಗುರ’ ಎಂದಿದ್ದೀರಲ್ಲ, ಈ ಬ್ಯಾಕ್ಟೀರಿಯಾದ ಒಂದು ತಳಿಯಲ್ಲಿ ಅದು ಸುಮಾರು 21 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ದೊಡ್ಡದು. ಮುಖ್ಯ ಕ್ರೋಮೋಸೋಮೇ 37 ಲಕ್ಷ. ಇದನ್ನು ಬೇಕಾದರೆ ಒಂದು ಸಾಲಿನಲ್ಲಿ ಸೇರಿಸಿ.

ಓದುಗರು ತಾವೇ ನೋಡಬಹುದಾದ ಪರೀಕ್ಷೆಯೂ ಒಂದಿದೆ. ಸೊರಗಿದ ಗಿಡದ ಕಾಂಡ ಕತ್ತರಿಸಿ, ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ತಾಗಿಸಿ ಹಿಡಿದರೆ, ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆಗಳು ಕೆಳಗಿಳಿಯುತ್ತವೆ. ಅವು ಬ್ಯಾಕ್ಟೀರಿಯಾ ಮತ್ತು ಅವುಗಳ ಲೋಳೆ. ಮಾಡಿ ನೋಡಿ ಬರೆಯಿರಿ, ಕೇಳಿ ಬರೆಯಬೇಡಿ. ಆಲೂಗಡ್ಡೆಗೆ ಬರುವ ಇನ್ನೊಂದು ರೋಗ ಅಂಗಮಾರಿಯನ್ನು ಮಾತ್ರ ಇದರ ಜೊತೆ ಬೆರೆಸಬೇಡಿ. ಅದನ್ನು ತರುವುದು ಬ್ಯಾಕ್ಟೀರಿಯಾ ಅಲ್ಲ.

ಚಿತ್ರದಲ್ಲಿ ಎರಡೂ ಕೋಶ ಒಂದೇ ಗಾತ್ರಕ್ಕಿವೆ. ಸಸ್ಯಕೋಶ ಸಾಮಾನ್ಯವಾಗಿ 10ರಿಂದ 100 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೋಮೀಟರ್), ಈ ಬ್ಯಾಕ್ಟೀರಿಯಾ ಸುಮಾರು ಎರಡು ಮೈಕ್ರೋಮೀಟರ್ ಉದ್ದ, ಅಷ್ಟೇ. ಪೆನ್ಸಿಲಿನಲ್ಲಾದರೂ ಸರಿ, ನೀವೇ ಹೊಸದಾಗಿ ಬಿಡಿಸಿ. ಎಂಟುನೂರು ಪದ ದಾಟುವುದು ಬೇಡ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಒಡೆದಿವೆಯೇ ನೋಡಿ ಕಳಿಸಿ. ಹೋದ ಸಲ ‘ಬ್ಯಾಕ್ಟೀರಿಯಾ’ ಅರ್ಧಕ್ಕರ್ಧ ಚೌಕಗಳಾಗಿ ಬಂದಿತ್ತು.